ವಿಜಯಪುರದ ಬಿಸಿಲಿನಲ್ಲಿ ಸಮುದ್ರದ ಟ್ಯಾಂಕ್: 80 ಸಾವಿರದಲ್ಲಿ ಏನು ಸಾಧ್ಯ?

ಪ್ರಶ್ನೆ: ನಾನು ವಿಜಯಪುರದವನು. ಆರು ವರ್ಷದಿಂದ ಮನೆಯಲ್ಲಿ ಎರಡೂವರೆ ಅಡಿಯ ಸಿಹಿನೀರಿನ ಟ್ಯಾಂಕ್ ಇದೆ. ಗಪ್ಪಿ, ಏಂಜೆಲ್ ಎಲ್ಲ ಸಾಕಿ ಆಯಿತು. ಈಗ 4×2×2 ಅಡಿಯ ಸಮುದ್ರದ ಟ್ಯಾಂಕ್ ಮಾಡಿ ಹವಳ ಬೆಳೆಸುವ ಆಸೆ. ಕೂಡಿಟ್ಟಿರುವುದು 80 ಸಾವಿರ. ಪುಣೆಯ ಅಂಗಡಿಯೊಂದರಲ್ಲಿ ಕೇಳಿದರೆ ಎರಡೂವರೆ ಲಕ್ಷ ಅಂದರು. ನಮ್ಮ ಬೋರ್ ನೀರು ಮೊದಲೇ ಸವಳು, ಅದಕ್ಕೇ ಕಲ್ಲುಪ್ಪು ಹಾಕಿದರೆ ಸಾಕಲ್ವಾ ಅಂತ ಗೆಳೆಯ ಹೇಳುತ್ತಾನೆ. ಬಾಗಲಕೋಟೆ ಕಡೆಯ ಸುಣ್ಣದ ಕಲ್ಲು ಹಾಕಿದರೆ ಹವಳಕ್ಕೆ ಒಳ್ಳೆಯದು ಅಂತಲೂ ಕೇಳಿದ್ದೇನೆ. ಅಕ್ಕನ ಮಗನ ಲಾರಿ ಕಾರವಾರಕ್ಕೆ ಹೋಗಿ ಬರುತ್ತಿರುತ್ತದೆ, ಸಮುದ್ರದ ನೀರನ್ನೇ ತರಿಸಬಹುದಾ? ಬೇಸಿಗೆಯಲ್ಲಿ ಇಲ್ಲಿ 42 ಡಿಗ್ರಿ. ಚಿಲ್ಲರ್ (ನೀರು ತಣಿಸುವ ಯಂತ್ರ) ಕೊಳ್ಳುವ ಶಕ್ತಿ ಇಲ್ಲ. ಟ್ಯಾಂಕ್ ಇಡಬೇಕೆಂದಿರುವುದು ಮೊದಲ ಮಹಡಿಯ ಹಾಲ್‌ನಲ್ಲಿ. ದಾರಿ ತೋರಿಸಿ.

ಉತ್ತರ: ನೀವು ಹೇಳಿದ ಅಳತೆಯಲ್ಲಿ, ಗಟ್ಟಿ ಹವಳದ (ಸುಣ್ಣದ ಮೈ ಕಟ್ಟುವ ಬಗೆ) ಸಮೇತ, 80 ಸಾವಿರಕ್ಕೆ ಆಗುವುದಿಲ್ಲ. ಆದರೆ 4×1.5×1.5 ಅಡಿಯ ಟ್ಯಾಂಕ್ ಮಾಡಿ, ಮೊದಲ ವರ್ಷ ಮೀನು, ಆಮೇಲೆ ಮೃದು ಹವಳ ಅಂತ ಹಂತ ಹಂತವಾಗಿ ಹೋದರೆ ಆಗುತ್ತದೆ. ಪುಣೆಯವರು ಸುಮ್ನೆ ಹೆದರಿಸಿದ್ದಲ್ಲ. ಅವರ ಲೆಕ್ಕದಲ್ಲಿ ಚಿಲ್ಲರ್, ವಿದೇಶಿ ಲೈಟು, ಬ್ರ್ಯಾಂಡೆಡ್ ಟ್ಯಾಂಕ್ ಎಲ್ಲ ಸೇರಿರುತ್ತದೆ. ಅದರಲ್ಲಿ ಅರ್ಧಕ್ಕರ್ಧ ಬಿಡಬಹುದು. ಬಿಡಬಾರದ ಅರ್ಧ ಯಾವುದು ಅನ್ನುವುದೇ ಮುಖ್ಯ. ನನ್ನ ಅನುಭವದಲ್ಲಿ ಕಡಿಮೆ ದುಡ್ಡಿನ ಸಮುದ್ರದ ಟ್ಯಾಂಕ್‌ಗಳು ಕೆಡುವುದು ಗಾಜಿನಿಂದಲೂ ಅಲ್ಲ, ಲೈಟಿನಿಂದಲೂ ಅಲ್ಲ. ನೀರಿನಿಂದ.

ಅಳತೆಯ ವಿಷಯ ಮೊದಲು ಮುಗಿಸೋಣ. ದೊಡ್ಡ ಟ್ಯಾಂಕ್ ಸಂಭಾಳಿಸುವುದು ಸುಲಭ ಅನ್ನುವ ಮಾತು ನಿಜ. ನೀರು ಜಾಸ್ತಿ ಇದ್ದಷ್ಟೂ ಬಿಸಿ, ಉಪ್ಪು, ಕೊಳೆ ಎಲ್ಲ ನಿಧಾನಕ್ಕೆ ಏರುತ್ತವೆ, ಸರಿಪಡಿಸಲು ನಮಗೆ ಸಮಯ ಸಿಗುತ್ತದೆ. ಆದರೆ ಖರ್ಚೂ ಅದರ ಜೊತೆಗೇ ಏರುತ್ತದೆ. 4×2×2 ಅಂದರೆ ಸುಮಾರು 450 ಲೀಟರ್. ಟ್ಯಾಂಕಿನ ಕೆಳಗಿಡುವ ಸಂಪ್ (ನೀರು ಸೋಸುವ ಚಿಕ್ಕ ತೊಟ್ಟಿ) ಸೇರಿಸಿ, ಕಲ್ಲಿನ ಜಾಗ ಕಳೆದರೆ 500ರ ಹತ್ತಿರ. ಒಂದು ಲೀಟರಿಗೆ 36 ಗ್ರಾಂನಂತೆ ಮೊದಲ ಸಲ ತುಂಬಲಿಕ್ಕೇ 18 ಕೆಜಿ ಸಮುದ್ರದ ಉಪ್ಪು ಬೇಕು. ವಾರಕ್ಕೆ ಶೇ 10ರಷ್ಟು ನೀರು ಬದಲಿಸಿದರೆ ತಿಂಗಳಿಗೆ ಮತ್ತೆ 7 ಕೆಜಿ. 4×1.5×1.5 ಆದರೆ ಸಂಪ್ ಸೇರಿ 280 ಲೀಟರ್ ಆಸುಪಾಸು. ತುಂಬಲು 10 ಕೆಜಿ, ತಿಂಗಳಿಗೆ 4 ಕೆಜಿ. ಗಾಜು 12 ಎಂಎಂ ಬದಲು 10 ಎಂಎಂ ಸಾಕು. ಎತ್ತರ ಕಡಿಮೆ ಆದ್ದರಿಂದ ಸಾಧಾರಣ ಲೈಟೂ ತಳ ಮುಟ್ಟುತ್ತದೆ. ಎದುರು ನಿಂತು ನೋಡುವವರಿಗೆ ಉದ್ದ ಮಾತ್ರ ಕಾಣುತ್ತದೆ, ಆ ನಾಲ್ಕು ಅಡಿ ಎರಡರಲ್ಲೂ ಒಂದೇ.

ಮಹಡಿಯ ಮೇಲೆ ಬೇಡ. 4×2×2 ತುಂಬಿದರೆ ನೀರು, ಗಾಜು, ಕಲ್ಲು, ಸ್ಟ್ಯಾಂಡ್ ಎಲ್ಲ ಸೇರಿ 600 ಕೆಜಿ ದಾಟುತ್ತದೆ, ಅದೂ ಎಂಟು ಚದರ ಅಡಿಯಲ್ಲಿ. ಮನೆಯ ಸ್ಲ್ಯಾಬಿಗೆ ಸಾಮಾನ್ಯವಾಗಿ ಲೆಕ್ಕ ಹಾಕುವುದು ಒಂದು ಚದರ ಮೀಟರಿಗೆ 200 ಕೆಜಿಯಷ್ಟು ಭಾರಕ್ಕೆ. ಸಣ್ಣ ಟ್ಯಾಂಕ್ ಕೂಡ 400 ಕೆಜಿ ಆಗುತ್ತದೆ. ಗೋಡೆಗೆ ಒತ್ತಿ, ಬೀಮಿನ ಮೇಲೆ ಬರುವಂತೆ ಇಟ್ಟರೆ ತಡೆದೀತು, ಆದರೆ ಅದನ್ನು ನಿಮ್ಮ ಮನೆ ನೋಡಿದ ಎಂಜಿನಿಯರ್ ಹೇಳಬೇಕು, ನಾನಲ್ಲ. ಇನ್ನೊಂದು ಕಾರಣವೂ ಇದೆ. ನಿಮ್ಮ ಊರಿನಲ್ಲಿ ತಾರಸಿಯ ಕೆಳಗಿನ ಕೋಣೆ ಏಪ್ರಿಲ್‌ನಲ್ಲಿ ರಾತ್ರಿ ಹನ್ನೊಂದಾದರೂ ಕಾವು ಬಿಡುತ್ತಲೇ ಇರುತ್ತದೆ. ಕೆಳಗಿನ ಮನೆ, ಫರಸಿ ಹಾಸಿದ ನೆಲ, ಪಡುವಣ ಬಿಸಿಲು ಬೀಳದ ಗೋಡೆ. ಅಂಥ ಜಾಗ ಹುಡುಕಿ. ಫರಸಿ ಏರುಪೇರು ಇರುತ್ತದೆ, ಸ್ಟ್ಯಾಂಡ್ ಇಟ್ಟ ಮೇಲೆ ರಸಮಟ್ಟ ಹಿಡಿದು ನೋಡಿ, ಕಾಲಿನ ಕೆಳಗೆ ಪ್ಯಾಕಿಂಗ್ ಕೊಡಿಸಿ.

ಈಗ ನೀರು. ನಿಮ್ಮ ಗೆಳೆಯರ ಮಾತು ಬಹಳ ಜನ ಹೇಳುವುದೇ. ಸವಳು ನೀರು, ಸಮುದ್ರದ ನೀರು ಎರಡೂ ನಾಲಿಗೆಗೆ ಉಪ್ಪೇ, ಒಳಗಿರುವುದು ಬೇರೆ. ವಿಜಯಪುರದ ನೆಲದಡಿ ಇರುವುದು ಕಪ್ಪು ಬಸಾಲ್ಟ್ ಕಲ್ಲು. ಅದರೊಳಗಿಂದ ಬರುವ ನೀರಿನಲ್ಲಿ ಸಿಲಿಕೇಟ್ ಇರುತ್ತದೆ, ಗಡಸುತನ ಇರುತ್ತದೆ, ಹೊಲದ ಗೊಬ್ಬರದ ನೈಟ್ರೇಟ್ ಸೇರಿರುತ್ತದೆ. ಸಿಲಿಕೇಟ್ ಇದ್ದರೆ ಮರಳು, ಗಾಜಿನ ಮೇಲೆಲ್ಲ ಕಂದು ಪಾಚಿ ಹಬ್ಬುತ್ತದೆ. ಒರೆಸಿದಷ್ಟೂ ಮತ್ತೆ ಬರುತ್ತದೆ.

ಕಲ್ಲುಪ್ಪಿನ ಕಥೆ ಇನ್ನೂ ಸ್ವಾರಸ್ಯ. ಗೋಕರ್ಣದ ಹತ್ತಿರ ಸಾಣಿಕಟ್ಟಾದಲ್ಲಿ ಸಮುದ್ರದ ನೀರನ್ನೇ ಗದ್ದೆಗೆ ಬಿಟ್ಟು ಒಣಗಿಸಿ ಉಪ್ಪು ಮಾಡುತ್ತಾರೆ. ಹಾಗಿದ್ದ ಮೇಲೆ ಆ ಉಪ್ಪನ್ನು ಮತ್ತೆ ನೀರಿಗೆ ಹಾಕಿದರೆ ಸಮುದ್ರ ಆಗಬೇಕಲ್ವಾ? ಆಗುವುದಿಲ್ಲ. ನೀರು ಬತ್ತುತ್ತಾ ಬಂದಂತೆ ಮೊದಲು ಸುಣ್ಣದ ಅಂಶ, ಜಿಪ್ಸಂ ಕೆಳಗೆ ಕೂರುತ್ತವೆ. ಆಮೇಲೆ ಹರಳುಗಟ್ಟುವುದು ಸೋಡಿಯಂ ಕ್ಲೋರೈಡ್, ಅಂದರೆ ನಮ್ಮ ಉಪ್ಪು. ಮೆಗ್ನೀಸಿಯಂ, ಪೊಟ್ಯಾಸಿಯಂ ಕೊನೆಗೆ ಉಳಿಯುವ ಕಹಿ ನೀರಿನಲ್ಲಿ ಹೋಗಿಬಿಡುತ್ತವೆ. ಅದನ್ನು ಚೆಲ್ಲುತ್ತಾರೆ. ಒಂದು ಲೀಟರ್ ಸಮುದ್ರದ ನೀರಿನಲ್ಲಿ ಸುಮಾರು 1.3 ಗ್ರಾಂ ಮೆಗ್ನೀಸಿಯಂ, 0.4 ಗ್ರಾಂ ಕ್ಯಾಲ್ಸಿಯಂ ಇರುತ್ತದೆ. ಹವಳ ಮೈ ಕಟ್ಟಿಕೊಳ್ಳುವುದು ಇವುಗಳಿಂದಲೇ. ಹಾಗಾಗಿ ಅಕ್ವೇರಿಯಂ ಅಂಗಡಿಯಲ್ಲಿ ಸಿಗುವ ಸಮುದ್ರದ ಉಪ್ಪಿನ ಮಿಶ್ರಣವೇ ಬೇಕು. ಕಲ್ಲುಪ್ಪಿಗೂ ಒಂದು ಕೆಲಸ ಇದೆ, ಮುಂದೆ ಹೇಳುತ್ತೇನೆ.

ಉಪ್ಪು ಕರಗಿಸಲು ಆರ್‌ಒ ನೀರು ಬೇಕು. ಮನೆಯ ಆರ್‌ಒ ಮಷೀನ್ ಇದ್ದರೆ ಅದರದೇ ನೀರು ಬಳಸಬಹುದು, ಆದರೆ ಮುಚ್ಚಳ ತೆಗೆದು ಎರಡು ವಸ್ತು ನೋಡಿ. ಒಂದು, ಸಣ್ಣ ತಿರುಪಿನ ಟಿಡಿಎಸ್ ಕಂಟ್ರೋಲರ್. ಟಿಡಿಎಸ್ ಅಂದರೆ ನೀರಿನಲ್ಲಿ ಕರಗಿರುವ ಲವಣಗಳ ಪ್ರಮಾಣ. ಕುಡಿಯುವ ನೀರಿಗೆ ರುಚಿ ಬರಲಿ ಅಂತ ಅದು ಕಚ್ಚಾ ನೀರನ್ನು ಸ್ವಲ್ಪ ಬೆರೆಸುತ್ತದೆ. ಟ್ಯಾಂಕಿಗೆ ನೀರು ಹಿಡಿಯುವಾಗ ಅದನ್ನು ಪೂರ್ತಿ ಮುಚ್ಚಿ. ಇನ್ನೊಂದು, ಈಗ ಬಹಳ ಮಷೀನ್‌ಗಳಲ್ಲಿ ಬರುವ ತಾಮ್ರದ ಕಾರ್ಟ್ರಿಜ್. ನಮಗೆ ಒಳ್ಳೆಯದು ಅಂತ ಮಾರುತ್ತಾರೆ, ಸಿಗಡಿ, ಶಂಖದ ಹುಳು, ಹವಳ ಇವಕ್ಕೆಲ್ಲ ಅದು ವಿಷ. ಅಂಥ ಮಷೀನ್ ಆದರೆ ತಾಮ್ರದ ಭಾಗಕ್ಕಿಂತ ಮೊದಲೇ ಪೈಪ್ ಬಿಚ್ಚಿ ನೀರು ತೆಗೆಯಬೇಕು. ಹಿತ್ತಾಳೆ ಕೊಡ, ತಾಮ್ರದ ಹಂಡೆಯಲ್ಲಿ ಈ ನೀರು ಹಿಡಿಯಲೇಬೇಡಿ. ಓಣಿಯ ಶುದ್ಧ ಕುಡಿಯುವ ನೀರಿನ ಘಟಕದಿಂದ ಕ್ಯಾನ್ ತರುವುದಾದರೆ ಟಿಡಿಎಸ್ ಪೆನ್ನು ಜೇಬಿನಲ್ಲಿ ಇಟ್ಟುಕೊಂಡು ಹೋಗಿ. ಎಷ್ಟು ಕಡಿಮೆಯೋ ಅಷ್ಟು ಒಳ್ಳೆಯದು. 50ಕ್ಕಿಂತ ಮೇಲೆ ತೋರಿಸಿದರೆ ಹಾಗೇ ಬಳಸಬೇಡಿ, ಡಿಐ ರೆಸಿನ್ (ಉಳಿದ ಲವಣ ಹೀರಿಕೊಳ್ಳುವ ಸಣ್ಣ ಮಣಿಗಳು) ತುಂಬಿದ ಒಂದು ಕಾರ್ಟ್ರಿಜ್ ಮೂಲಕ ಹಾಯಿಸಿ.

ಕಾರವಾರದ ನೀರು ತರಬಹುದಾ? ತರಬಹುದು. ಲಾರಿ ಹೇಗೂ ಬರುತ್ತಿದ್ದರೆ ಮೊದಲ ಸಲ ತುಂಬಲು ಅದಕ್ಕಿಂತ ಅಗ್ಗದ್ದಿಲ್ಲ. ಆದರೆ ಅಳಿಯನಿಗೆ ಸರಿಯಾಗಿ ಹೇಳಿ ಕಳಿಸಿ. ಕಾಳಿ ನದಿ ಸೇರುವ ಅಳಿವೆ, ಬಂದರು, ಮೀನುಗಾರಿಕೆ ಜೆಟ್ಟಿ ಹತ್ತಿರ ತುಂಬಬಾರದು. ಅಲ್ಲಿ ಸಿಹಿನೀರು, ಡೀಸೆಲ್ ಎರಡೂ ಬೆರೆತಿರುತ್ತವೆ. ಜೂನ್‌ನಿಂದ ಅಕ್ಟೋಬರ್‌ವರೆಗೆ ಬೇಡವೇ ಬೇಡ, ಮಳೆಗೆ ನೀರು ತೆಳ್ಳಗಾಗಿ ಕೆಸರಾಗಿರುತ್ತದೆ. ಬೇಸಿಗೆಯಲ್ಲಿ, ಭರತ ಇರುವಾಗ, ತೆರೆದ ಕಡಲಿನ ದಂಡೆಯಲ್ಲಿ ತುಂಬಿಸಲಿ. ಎಲ್ಲಕ್ಕಿಂತ ಮುಖ್ಯ ಡ್ರಮ್. ನಮ್ಮ ಕಡೆ ಹಳೆ ನೀಲಿ ಡ್ರಮ್ ಅಗ್ಗಕ್ಕೆ ಸಿಗುತ್ತವೆ, ಅದರಲ್ಲಿ ಮೊದಲು ಏನಿತ್ತು ಅಂತ ಮಾರುವವರಿಗೇ ಗೊತ್ತಿರುವುದಿಲ್ಲ. ಕ್ರಿಮಿನಾಶಕ, ಕಾರ್ಖಾನೆಯ ಕೆಮಿಕಲ್ ಇದ್ದದ್ದಾದರೆ ಎಷ್ಟು ತೊಳೆದರೂ ಪ್ರಯೋಜನ ಇಲ್ಲ. ಹೊಸ ನೀರಿನ ಕ್ಯಾನ್ ಕೊಳ್ಳಿ. ತಂದ ಮೇಲೆ ಎರಡು ವಾರ ಕತ್ತಲಲ್ಲಿ, ಗಾಳಿ ಪಂಪ್ ಹಾಕಿ ಇಡಿ. ಕೊಳೆ ಕೆಳಗೆ ಕೂತ ಮೇಲೆ ಮೇಲಿನ ತಿಳಿ ನೀರು ಮಾತ್ರ ತೆಗೆದುಕೊಳ್ಳಿ. ಹಾಗಂತ ಪ್ರತಿ ವಾರದ ನೀರಿಗೆ ಲಾರಿ ನಂಬಿ ಕೂರಬೇಡಿ. ಮನೆಯಲ್ಲಿ ಒಂದು ಡಬ್ಬಿ ಸಮುದ್ರದ ಉಪ್ಪು ಯಾವಾಗಲೂ ಇರಲಿ.

ಉಪ್ಪು ಅಳೆಯಲು ರಿಫ್ರಾಕ್ಟೋಮೀಟರ್ ಬೇಕು. ತೇಲುವ ಪ್ಲಾಸ್ಟಿಕ್ ಮುಳ್ಳಿನ ಮಾಪಕ ನಂಬಬೇಡಿ, ಒಂದು ಗುಳ್ಳೆ ಅಂಟಿದರೂ ಲೆಕ್ಕ ತಪ್ಪುತ್ತದೆ. ರಿಫ್ರಾಕ್ಟೋಮೀಟರನ್ನು ಬರೀ ಆರ್‌ಒ ನೀರು ಹಾಕಿ ಸೊನ್ನೆಗೆ ಹೊಂದಿಸಿದರೆ ಸಾಲದು. 963.5 ಗ್ರಾಂ ಆರ್‌ಒ ನೀರಿಗೆ 36.5 ಗ್ರಾಂ ಅಡುಗೆ ಉಪ್ಪು ತೂಗಿ ಕರಗಿಸಿ. ಅದರ ಒಂದು ಹನಿ ಹಾಕಿದಾಗ ಗೀಟು 35ಕ್ಕೆ ನಿಲ್ಲಬೇಕು. ನಿಲ್ಲದಿದ್ದರೆ ತಿರುಪು ತಿರುಗಿಸಿ ಅಲ್ಲಿಗೆ ತನ್ನಿ. ಟ್ಯಾಂಕಿನ ನೀರೂ 35ರ (ಸಾವಿರ ಪಾಲಿಗೆ 35 ಪಾಲು ಉಪ್ಪು) ಆಸುಪಾಸು, ಅಂದರೆ ಸಾಂದ್ರತೆ 1.025-1.026 ಇರಬೇಕು.

ಬಾಗಲಕೋಟೆಯ ಸುಣ್ಣದ ಕಲ್ಲು ಹವಳಕ್ಕೆ ಸುಣ್ಣ ಕೊಡುತ್ತದೆ, ಪಿಎಚ್ (ನೀರಿನ ಕ್ಷಾರದ ಮಟ್ಟ) ಏರಿಸುತ್ತದೆ ಅನ್ನುವುದು ತಪ್ಪು ತಿಳುವಳಿಕೆ. ಸಮುದ್ರದ ನೀರಿನಲ್ಲಿ ಪಿಎಚ್ 8.2 ಇರುವಾಗ ಸುಣ್ಣದ ಕಲ್ಲು ಕರಗುವುದೇ ಇಲ್ಲ. ವಿನೆಗರ್ ಹನಿಸಿದರೆ ನೊರೆ ಬರುತ್ತದೆ ನಿಜ, ಟ್ಯಾಂಕಿನಲ್ಲಿ ವಿನೆಗರ್ ಇರುವುದಿಲ್ಲವಲ್ಲ. ಆ ಕಲ್ಲು ಗಟ್ಟಿ, ಒಳಗೆ ರಂಧ್ರ ಇಲ್ಲ. ನಮಗೆ ಕಲ್ಲು ಬೇಕಾಗುವುದು ಬ್ಯಾಕ್ಟೀರಿಯಾ ವಾಸಕ್ಕೆ, ಅದಕ್ಕೆ ತೂತು ತೂತಾದ ಕಲ್ಲೇ ಆಗಬೇಕು. ತಳದಲ್ಲಿ ಕಂಬದಂತೆ ನಿಲ್ಲಿಸಲು ಎರಡು ಮೂರು ತುಂಡು ಹಾಕಿ, ತಕರಾರಿಲ್ಲ. ತುಕ್ಕಿನ ಬಣ್ಣದ ಗೆರೆ, ಹೊಳೆಯುವ ಚುಕ್ಕೆ ಇದ್ದರೆ ಬಿಡಿ, ಅದು ಲೋಹ.

ಉಳಿದ ಕಲ್ಲನ್ನು ಮನೆಯಲ್ಲೇ ಮಾಡಿಕೊಳ್ಳಿ. ಒಂದು ಪಾಲು ಸಿಮೆಂಟ್, ಎರಡು ಪಾಲು ಕೋಳಿ ಫಾರಂಗೆ ಮಾರುವ ಚಿಪ್ಪಿನ ಚೂರು, ಎರಡು ಪಾಲು ಕಲ್ಲುಪ್ಪು. ಇಲ್ಲಿ ಬಂತು ನೋಡಿ ಕಲ್ಲುಪ್ಪಿನ ಕೆಲಸ. ಕಲಸುವಾಗ ನೀರು ಆದಷ್ಟು ಕಡಿಮೆ ಹಾಕಿ, ಮುಷ್ಟಿಯಲ್ಲಿ ಹಿಡಿದರೆ ಉಂಡೆ ನಿಲ್ಲುವಷ್ಟು. ಒದ್ದೆ ಮರಳಿನ ಗುಂಡಿಯಲ್ಲಿ ಬೇಕಾದ ಆಕಾರಕ್ಕೆ ಬಿಡಿ. ಗಟ್ಟಿಯಾದ ಮೇಲೆ ನೀರಿನಲ್ಲಿ ಮುಳುಗಿಸಿದರೆ ಉಪ್ಪು ಕರಗಿ ಹೋಗಿ ಒಳಗೆಲ್ಲ ತೂತು ಉಳಿಯುತ್ತದೆ. ತಾಳ್ಮೆ ಬೇಕಾಗುವುದು ಆಮೇಲೆ. ಸಿಮೆಂಟ್ ನೀರಿನ ಪಿಎಚ್ ಅನ್ನು 11, 12ರವರೆಗೆ ಒಯ್ಯುತ್ತದೆ. ಬಕೆಟ್‌ನ ನೀರು ಎರಡು ದಿನಕ್ಕೊಮ್ಮೆ ಬದಲಿಸುತ್ತಾ ಆರೆಂಟು ವಾರ ಬಿಡಿ. ಬದಲಿಸದೆ ಮೂರು ದಿನ ಬಿಟ್ಟರೂ ಪಿಎಚ್ 8.5ರೊಳಗೆ ನಿಂತರೆ ಮಾತ್ರ ಟ್ಯಾಂಕಿಗೆ ಹಾಕಿ. ಬೂದು ಬಣ್ಣ ನೋಡಿ ಬೇಜಾರಾಗಬೇಡಿ, ವರ್ಷದಲ್ಲಿ ಅದರ ಗುರುತೇ ಸಿಗುವುದಿಲ್ಲ.

ಬಿಸಿಲಿಗೆ ಬರುತ್ತೇನೆ. ನಿಮ್ಮ ದೊಡ್ಡ ಭಯ ಇದೇ ಅನ್ನಿಸಿತು. ಹವಳಕ್ಕೆ ಬೇಕಾದ್ದು 24ರಿಂದ 27 ಡಿಗ್ರಿ. 30 ದಾಟಿ ದಿನಗಟ್ಟಲೆ ನಿಂತರೆ ಅದರ ಮೈಯೊಳಗಿನ ಪಾಚಿ ಬಿಟ್ಟುಹೋಗಿ ಹವಳ ಬೆಳ್ಳಗಾಗುತ್ತದೆ. ಚಿಲ್ಲರ್ ಇಲ್ಲದೆ ವಿಜಯಪುರದಲ್ಲಿ ಅಸಾಧ್ಯ ಅಂತ ಹೇಳುವವರು ಒಂದನ್ನು ಮರೆಯುತ್ತಾರೆ. ನಿಮ್ಮದು ಒಣ ಸೆಕೆ. ಕಾರವಾರದ 34 ಡಿಗ್ರಿಗಿಂತ ನಿಮ್ಮ 42 ಡಿಗ್ರಿಯಲ್ಲಿ ನೀರು ಬೇಗ ಆವಿಯಾಗುತ್ತದೆ, ಆವಿಯಾದಷ್ಟೂ ಉಳಿದ ನೀರು ತಣಿಯುತ್ತದೆ. ಟ್ಯಾಂಕಿನ ಗಾಜಿನ ಮುಚ್ಚಳ ತೆಗೆದು, ಮೀನು ಹಾರದಂತೆ ಪ್ಲಾಸ್ಟಿಕ್ ಜಾಲರಿ ಹಾಕಿ, ನೀರಿನ ಮೇಲೆ ಓರೆಯಾಗಿ ಬೀಸುವಂತೆ ಎರಡು ಸಣ್ಣ ಫ್ಯಾನ್ ಕೂರಿಸಿ. ದಿನಕ್ಕೆ 10 ಲೀಟರ್ ಆವಿಯಾದರೆ ಸುಮಾರು 280 ವ್ಯಾಟ್‌ನಷ್ಟು ಕಾವು ಹೊರಹೋದಂತೆ. ಪಂಪು, ಲೈಟು ಸೇರಿ ನೀರಿಗೆ ಕೊಡುವ ಕಾವಿಗಿಂತ ಅದು ಹೆಚ್ಚೇ.

ಏರ್ ಕೂಲರ್ ಇದ್ದರೆ ಕಿಟಕಿ ತೆರೆದಿಟ್ಟೇ ಹಚ್ಚಿ. ಕಿಟಕಿ ಮುಚ್ಚಿದರೆ ಕೋಣೆಯಲ್ಲಿ ತೇವ ತುಂಬಿ ಕೂಲರೂ ಕೆಲಸ ಮಾಡಲ್ಲ, ಟ್ಯಾಂಕಿನ ಫ್ಯಾನೂ ಮಾಡಲ್ಲ. ತೀರಾ ಕೈ ಮೀರಿದ ಮಧ್ಯಾಹ್ನಗಳಿಗೆ ಫ್ರೀಜರ್‌ನಲ್ಲಿ ಲೀಟರ್ ಬಾಟಲಿ ನೀರು ಗಟ್ಟಿ ಮಾಡಿಟ್ಟುಕೊಂಡು, ಮುಚ್ಚಳ ಹಾಕಿದ ಬಾಟಲಿಯನ್ನೇ ಸಂಪ್‌ನಲ್ಲಿ ತೇಲಿಸಿ. ಈ ಗಾತ್ರದ ಟ್ಯಾಂಕಿಗೆ ಮೂರು ಬಾಟಲಿಗೆ ಒಂದು ಡಿಗ್ರಿ ಇಳಿಯುತ್ತದೆ. ಲೈಟನ್ನು ಬೇಸಿಗೆಯಲ್ಲಿ ಸಂಜೆ ಐದರಿಂದ ರಾತ್ರಿವರೆಗೆ ಹಚ್ಚಿ, ಮಧ್ಯಾಹ್ನ ಬೇಡ.

ಇದರಲ್ಲೊಂದು ಅಪಾಯ ಇದೆ. ಆವಿಯಾಗುವುದು ನೀರು ಮಾತ್ರ, ಉಪ್ಪು ಒಳಗೇ ಉಳಿಯುತ್ತದೆ. ಹತ್ತು ಲೀಟರ್ ಹೋದಲ್ಲಿ ಹತ್ತು ಲೀಟರ್ ಸಪ್ಪೆ ಆರ್‌ಒ ನೀರು ಬರಬೇಕು, ಉಪ್ಪು ನೀರಲ್ಲ. ಕೈಯಿಂದ ಹಾಕುತ್ತೇನೆ ಅನ್ನುವವರು ಮೇ ತಿಂಗಳಲ್ಲಿ ಒಂದು ಮದುವೆಗೆ ಅಂತ ಎರಡು ದಿನ ಊರಿಗೆ ಹೋಗುತ್ತಾರೆ, ಬರುವಷ್ಟರಲ್ಲಿ ಸಂಪ್‌ನ ಪಂಪು ಒಣಗಿ ನಿಂತಿರುತ್ತದೆ. ಎತ್ತರದಲ್ಲಿ ಒಂದು 40 ಲೀಟರ್ ಕ್ಯಾನ್, ಅದರಿಂದ ಸಂಪ್‌ಗೆ ಒಂದು ಪ್ಲಾಸ್ಟಿಕ್ ಫ್ಲೋಟ್ ವಾಲ್ವ್. ಓವರ್‌ಹೆಡ್ ಟ್ಯಾಂಕಿಗೆ ಹಾಕುತ್ತಾರಲ್ಲ, ಅದೇ ಜಾತಿಯ ಚಿಕ್ಕದು. ಹಿತ್ತಾಳೆಯದು ಬೇಡ.

ಕರೆಂಟ್ ಹೋದರೆ ಬಿಸಿಗಿಂತ ಮೊದಲು ಉಸಿರಿನ ತೊಂದರೆ ಬರುತ್ತದೆ. ಉಪ್ಪು ನೀರು ಸಿಹಿ ನೀರಿಗಿಂತ ಸುಮಾರು ಶೇ 20ರಷ್ಟು ಕಡಿಮೆ ಆಮ್ಲಜನಕ ಹಿಡಿಯುತ್ತದೆ, ಬಿಸಿಯಾದಷ್ಟೂ ಇನ್ನೂ ಕಡಿಮೆ. ಗಪ್ಪಿ ಟ್ಯಾಂಕ್ ನಾಲ್ಕು ತಾಸು ತಡೆದಿತ್ತು ಅಂತ ಇದೂ ತಡೆಯುತ್ತದೆ ಅಂದುಕೊಳ್ಳಬೇಡಿ. ಮನೆಯ ಇನ್ವರ್ಟರ್‌ಗೆ ಒಂದು ವೇವ್‌ಮೇಕರ್ (ನೀರು ಕದಲಿಸುವ ಸಣ್ಣ ಪಂಪ್), ಒಂದು ಫ್ಯಾನ್ ಮಾತ್ರ ಕೊಡಿ, 30 ವ್ಯಾಟ್ ಒಳಗೆ ಮುಗಿಯುತ್ತದೆ, ರಾತ್ರಿ ದಾಟುತ್ತದೆ. ಇನ್ವರ್ಟರ್ ಸೈನ್ ವೇವ್ ಇರಲಿ. ಹಳೆ ಸ್ಕ್ವೇರ್ ವೇವ್‌ನಲ್ಲಿ ಪಂಪು ಗುಂಯ್‌ಗುಡುತ್ತಾ ಬಿಸಿಯಾಗುತ್ತದೆ. ಮತ್ತೆ ದಯವಿಟ್ಟು ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಾನೇ ಬಂದ್ ಆಗುವ ಸ್ವಿಚ್) ಹಾಕಿಸಿ. ಉಪ್ಪು ನೀರು, ಪ್ಲಗ್ಗು, ಒದ್ದೆ ಕೈ ಒಂದೇ ಕಡೆ ಇರುತ್ತವೆ. ಎಲ್ಲ ವೈರು ಸಾಕೆಟ್‌ಗಿಂತ ಕೆಳಗೆ ಜೋತು ಬಿದ್ದು ಆಮೇಲೆ ಮೇಲೇರಲಿ, ಹನಿ ಅಲ್ಲೇ ಬೀಳುತ್ತದೆ.

ದುಡ್ಡು ಉಳಿಸುವುದು ಎಲ್ಲಿ? ಟ್ಯಾಂಕ್, ಸಂಪ್ ಎರಡನ್ನೂ ಊರಿನ ಗಾಜಿನ ಅಂಗಡಿಯಲ್ಲೇ ಮಾಡಿಸಿ. ಸಿಲಿಕಾನ್ ಮಾತ್ರ ನೀವೇ ಕೊಂಡು ಕೊಡಿ. ಬಾತ್‌ರೂಮಿಗೆ ಬರುವ, ಬೂಷ್ಟು ಹಿಡಿಯದ ಬಗೆಯಲ್ಲಿ ವಿಷ ಇರುತ್ತದೆ, ಅದು ಬೇಡ. ಅಂಟಿಸಿ ಒಂದು ವಾರ, ವಿನೆಗರ್ ವಾಸನೆ ಪೂರ್ತಿ ಹೋಗುವ ತನಕ ಬಿಟ್ಟು, ಅಂಗಳದಲ್ಲಿ ಥರ್ಮಾಕೋಲ್ ಮೇಲೆ ಇಟ್ಟು ಮೂರು ದಿನ ನೀರು ತುಂಬಿ ನೋಡಿ. ಸ್ಟ್ಯಾಂಡ್ ವೆಲ್ಡಿಂಗ್ ಅಂಗಡಿಯಲ್ಲಿ ಮಾಡಿಸಿ ಎಪಾಕ್ಸಿ ಬಣ್ಣ ಹೊಡೆಸಿ. ಲೈಟು, ಸ್ಕಿಮ್ಮರ್ (ನೊರೆ ಎಬ್ಬಿಸಿ ಕೊಳೆ ತೆಗೆಯುವ ಸಾಧನ) ಸೆಕೆಂಡ್ ಹ್ಯಾಂಡ್ ಆದರೂ ನಡೆಯುತ್ತದೆ, ಈ ಹವ್ಯಾಸ ಬಿಡುವವರು ಬೆಂಗಳೂರು, ಪುಣೆಯಲ್ಲಿ ಯಾವಾಗಲೂ ಇರುತ್ತಾರೆ. ನಿಮ್ಮ ಹಳೆ ಟ್ಯಾಂಕ್ ಮಾರಬೇಡಿ. ಹೊಸ ಮೀನನ್ನು ತಿಂಗಳು ಬೇರೆ ಇಡಲು ಅದೇ ಬೇಕು. ಅದರಲ್ಲಿ ಎಂದಾದರೂ ತಾಮ್ರದ ಔಷಧಿ ಹಾಕಿದ್ದರೆ ಸಂಪ್ ಮಾಡಿಕೊಳ್ಳಬೇಡಿ, ಅಷ್ಟೇ.

ಕಲ್ಲು, ನೀರು ಹಾಕಿದ ಮೇಲೆ ಕೊಳೆ ಅರಗಿಸುವ ಬ್ಯಾಕ್ಟೀರಿಯಾ ಬೆಳೆಯಲು ನಾಲ್ಕರಿಂದ ಆರು ವಾರ ಮೀನಿಲ್ಲದೆ ಓಡಿಸಿ. ಇದು ನಿಮಗೆ ಗೊತ್ತಿರುವುದೇ, ಆದರೆ ಇಲ್ಲಿ ಪಿಎಚ್ ಜಾಸ್ತಿ ಇರುವುದರಿಂದ ಅಷ್ಟೇ ಅಮೋನಿಯಾ ಹೆಚ್ಚು ವಿಷವಾಗುತ್ತದೆ. ಅಮೋನಿಯಾ, ನೈಟ್ರೈಟ್ ಎರಡೂ ಸೊನ್ನೆ ಬಂದ ಮೇಲೆ ಒಂದು ಜೋಡಿ ಕ್ಲೌನ್ ಮೀನು ತನ್ನಿ. ಹ್ಯಾಚರಿಯಲ್ಲಿ ಹುಟ್ಟಿದ್ದೇ ಬೇಕು ಅಂತ ಕೇಳಿ. ಕೇಂದ್ರ ಸಮುದ್ರ ಮೀನುಗಾರಿಕೆ ಸಂಶೋಧನಾ ಸಂಸ್ಥೆ ಕ್ಲೌನ್ ಮೀನಿನ ಮರಿ ಮಾಡಿಸುವ ವಿಧಾನ ಬೆಳೆಸಿ ಬಹಳ ವರ್ಷ ಆಯಿತು. ಟ್ಯಾಂಕಿನಲ್ಲೇ ಹುಟ್ಟಿದ ಮೀನು ಕಾಳು ತಿನ್ನುತ್ತದೆ, ಗಟ್ಟಿಯಾಗಿರುತ್ತದೆ. ಡ್ಯಾಮ್ಸೆಲ್ ಮೀನು ಅಗ್ಗ, ಆದರೆ ಜಗಳಗಂಟ. ತರುವುದಾದರೆ ಕೊನೆಗೆ.

ಹವಳದ ಬಗ್ಗೆ ಬಿಚ್ಚಿ ಹೇಳುತ್ತೇನೆ. ನಮ್ಮ ಸಮುದ್ರದ ಗಟ್ಟಿ ಹವಳ, ಕಪ್ಪು ಹವಳ, ಬೀಸಣಿಗೆ ಹವಳ ಇವೆಲ್ಲ 2001ರಿಂದ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಯಲ್ಲಿವೆ. ಹುಲಿಗೆ ಇರುವ ರಕ್ಷಣೆಯೇ ಇದಕ್ಕೂ. ಮನೆಯಲ್ಲಿ ಇಟ್ಟುಕೊಂಡರೂ ಅಪರಾಧ, 3ರಿಂದ 7 ವರ್ಷ ಜೈಲಿನ ಮಾತು. ಸಮುದ್ರಕುದುರೆ, ಸಮುದ್ರ ಸೌತೆಗೂ ಇದೇ ಕಾಯ್ದೆಯ ರಕ್ಷಣೆ ಇದೆ. ಲೈವ್ ರಾಕ್ ಅಂತ ಮಾರುವ ಕಲ್ಲು ಹೆಚ್ಚಾಗಿ ಸತ್ತ ಹವಳದ ತುಂಡೇ, ಹಾಗಾಗಿ ಸಿಮೆಂಟ್ ಕಲ್ಲು ಅಂದಿದ್ದು. ಹೊರದೇಶದ ಗಟ್ಟಿ ಹವಳಕ್ಕೆ ಆಮದು ಕಾಗದ, ನೋಂದಣಿ ಎರಡೂ ಬೇಕು. ಅಂಗಡಿಯವರು ಬಿಲ್ಲನ್ನೂ ಕೊಡದೆ ಪೇಪರಿನಲ್ಲಿ ಸುತ್ತಿ ಕೊಟ್ಟರೆ ಅಲ್ಲೇ ಬಿಟ್ಟು ಬನ್ನಿ.

ನಿಮ್ಮ ಬಜೆಟ್ಟಿಗೂ ಬಿಸಿಲಿಗೂ ಹೊಂದುವುದು ಮೃದು ಹವಳ ಅಂತ ಕರೆಯುವ ಮಶ್ರೂಮ್, ಜೋವಾಂಥಸ್, ಲೆದರ್ ಜಾತಿಯವು. ಟ್ಯಾಂಕಿನಲ್ಲೇ ತುಂಡು ಮಾಡಿ ಬೆಳೆಸಿದ್ದು ಹವ್ಯಾಸಿಗಳ ಹತ್ತಿರ ಸಿಗುತ್ತದೆ. ಅದು ಎಲ್ಲಿಂದ ಬಂತು ಅಂತ ಕೇಳಿ, ಬರಹದಲ್ಲೇ ತೆಗೆದುಕೊಳ್ಳಿ. ಜೋವಾಂಥಸ್ ಮುಟ್ಟುವಾಗ ಕೈಗವಸು, ಕನ್ನಡಕ ಹಾಕಿ. ಅದರ ಕೆಲವು ಜಾತಿಗಳಲ್ಲಿ ಪಾಲಿಟಾಕ್ಸಿನ್ ಅನ್ನುವ ಘೋರ ವಿಷ ಇದೆ. ಅದು ಅಂಟಿದ ಕಲ್ಲನ್ನು ಸ್ವಚ್ಛ ಮಾಡಲು ಅಂತ ಬಿಸಿನೀರು ಸುರಿಯುವುದು, ಕುದಿಸುವುದು ಯಾವತ್ತೂ ಬೇಡ. ಆ ಹಬೆ ಉಸಿರಾಡಿದವರು ಆಸ್ಪತ್ರೆ ಸೇರಿದ್ದಿದೆ.

ಹವಳಕ್ಕೆ ಆತುರ ಪಡಬೇಡಿ. ಒಂದು ಬೇಸಿಗೆ ಮೀನುಗಳನ್ನಷ್ಟೇ ಇಟ್ಟುಕೊಂಡು ದಾಟಿ. ಏಪ್ರಿಲ್, ಮೇನಲ್ಲಿ ದಿನಾ ಮಧ್ಯಾಹ್ನ ನಾಲ್ಕಕ್ಕೆ ನೀರಿನ ಬಿಸಿ ಬರೆದಿಡಿ. 28-29ರಲ್ಲಿ ನಿಂತರೆ ಮಳೆಗಾಲ ಮುಗಿದ ಮೇಲೆ ಒಂದು ಮಶ್ರೂಮ್ ತನ್ನಿ. 31 ಮುಟ್ಟಿದ್ದರೆ ಹವಳದ ದುಡ್ಡನ್ನು ಸಣ್ಣ ಚಿಲ್ಲರ್‌ಗೆ ಎತ್ತಿಡಿ, ಇಲ್ಲವೇ ಮೀನಿನ ಟ್ಯಾಂಕ್ ಆಗಿಯೇ ಉಳಿಸಿಕೊಳ್ಳಿ. ಅದೂ ಚೆನ್ನಾಗಿಯೇ ಇರುತ್ತದೆ.

ಗಾಜಿನ ಅಂಗಡಿಗೆ ಹೋಗುವ ಮೊದಲು ಒಂದು ಕೆಲಸ ಮಾಡಿ. ನಿಮ್ಮ ಬೋರ್ ನೀರು, ಮನೆಯ ಆರ್‌ಒ ನೀರು, ಓಣಿಯ ಘಟಕದ ನೀರು ಮೂರರ ಟಿಡಿಎಸ್ ನೋಡಿ ಬರೆದು ಕಳಿಸಿ, ಆರ್‌ಒದಲ್ಲಿ ತಾಮ್ರದ ಕಾರ್ಟ್ರಿಜ್ ಇದೆಯೋ ಇಲ್ಲವೋ ಅದನ್ನೂ ಬರೆಯಿರಿ. ರೆಸಿನ್ ಬೇಕೋ ಬೇಡವೋ, ಬೇಕಾದರೆ ಎಷ್ಟು ಅನ್ನುವುದನ್ನು ಅದರ ಮೇಲೆ ಹೇಳುತ್ತೇನೆ.